ಗೇರ್‌ಬಾಕ್ಸ್ ಕಾಕ ಕೇಳಿದ ಪ್ರಶ್ನೆ

ಕುದ್ರೋಳಿಯ ಆ ಗಲ್ಲಿಯ ಕೊನೆಯಲ್ಲಿದ್ದ ಶೆಡ್ಡಿನಲ್ಲಿ ಈಗ ಯಾರೋ ಪ್ಲೈವುಡ್ ದಾಸ್ತಾನು ಮಾಡಿದ್ದಾರೆ. ಮೊನ್ನೆ ಅದೇ ದಾರಿಯಲ್ಲಿ ಹೋಗಬೇಕಾಗಿ ಬಂತು. ಬೇಡಬೇಡವೆಂದರೂ ಕಣ್ಣು ಅತ್ತ ಹೋಯಿತು. ನೆಲದ ಮೇಲಿನ ಎಣ್ಣೆಯ ಕಲೆಗಳನ್ನು ಇನ್ನೂ ಯಾರೂ ತಿಕ್ಕಿ ತೆಗೆದಿಲ್ಲ.

ಅವರು ತೀರಿಕೊಂಡು ಐದು ತಿಂಗಳಾಯಿತು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ಕಾರು ಇಟ್ಟುಕೊಂಡ ನಮ್ಮಂಥ ನಾಲ್ಕಾರು ಹುಚ್ಚರಿಗೆ ಅವರು ‘ಗೇರ್‌ಬಾಕ್ಸ್ ಕಾಕ’. ನಾನು ಬರೇ ‘ಕಾಕ’ ಎಂದು ಕರೆಯುತ್ತಿದ್ದೆ. ಹೆಸರು ಹಾಕಿ ಬರೆದರೆ ಓದಿದವರು ಇದನ್ನು ಶ್ರದ್ಧಾಂಜಲಿ ಎಂದುಕೊಳ್ಳಬಹುದು. ಅಂಥದ್ದನ್ನು ಬರೆಯುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎನ್ನುವುದನ್ನು ಹೇಳಲೆಂದೇ ಕೂತಿದ್ದೇನೆ.

ನಮ್ಮದು ಹೋಟೆಲಿನವರ ಮನೆ. ಅಪ್ಪ ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಮಂಗಳೂರಿಗೆ ಮರಳುವಾಗ ಎರಡನ್ನು ತಂದರು: ಸಕ್ಕರೆ ಕಾಯಿಲೆ ಮತ್ತು ಕೆನೆಬಣ್ಣದ ಒಂದು ವಿದೇಶಿ ಕಾರು. ಸಕ್ಕರೆ ಕಾಯಿಲೆ ಅವರ ಜೊತೆಗೇ ಹೋಯಿತು, ಕಾರು ನನಗೆ ಬಂತು. ಕ್ಲಚ್ ಇಲ್ಲದ, ತನ್ನಷ್ಟಕ್ಕೆ ಗೇರು ಬದಲಿಸಿಕೊಳ್ಳುವ ಕಾರು ಅದು. ಈಗ ಅಂಥವು ಬೀದಿಗೆ ಹತ್ತು ಇರಬಹುದು. ಆಗ ನಮ್ಮ ಓಣಿಯ ಮಕ್ಕಳು ಒಳಗೆ ಬಗ್ಗಿ ನೋಡಿ, "ಎಡದ ಕಾಲಿಗೆ ಕೆಲಸವೇ ಇಲ್ಲವಲ್ಲಾ" ಎಂದು ನಗುತ್ತಿದ್ದರು.

ಇಂಥ ಕಾರನ್ನು ಇಟ್ಟುಕೊಳ್ಳುವುದು ಸುಲಭ, ರಿಪೇರಿ ಮಾಡುವವರು ಸಿಗುವುದು ಕಷ್ಟ. ಅಪ್ಪ ಹೋದ ಮರುವರ್ಷ ನಾನು ಅದನ್ನು ದೊಡ್ಡದೊಂದು ವರ್ಕ್‌ಶಾಪಿಗೆ ಸರ್ವಿಸಿಗೆ ಕೊಟ್ಟೆ. ತೊಳೆದು, ಒರಸಿ, ಸುಗಂಧ ಹೊಡೆದು ಕೊಟ್ಟರು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಗೇರು ಬದಲಾಗುವಾಗಲೆಲ್ಲ ಹಿಂದಿನಿಂದ ಯಾರೋ ಒದ್ದ ಹಾಗೆ ದಡಕ್ ಎನ್ನುತ್ತಿತ್ತು. ತಿರುಗಿ ಹೋಗಿ ಕೇಳಿದರೆ, ಇಡೀ ಗೇರ್‌ಬಾಕ್ಸೇ ಹೋಗಿದೆ, ಹೊರದೇಶದಿಂದ ತರಿಸಬೇಕು ಎಂದರು. ಸರ್ವಿಸಿಗೆ ಮೊದಲು ಸರಿಯಿದ್ದದ್ದು ಸರ್ವಿಸಾದ ಮೇಲೆ ಹೇಗೆ ಹೋಯಿತು ಎಂಬ ನನ್ನ ಪ್ರಶ್ನೆಗೆ, "ಹಳೇ ಗಾಡಿ ಅಲ್ವಾ ಸರ್" ಎಂಬ ಉತ್ತರ ಬಂತು. ಈ ಉತ್ತರವನ್ನು ಆಸ್ಪತ್ರೆಯಲ್ಲಿ ಅಪ್ಪನ ವಿಷಯದಲ್ಲೂ ಕೇಳಿಸಿಕೊಂಡಿದ್ದರಿಂದ ನನಗೆ ರೇಗಿ ಹೋಯಿತು.

ಆಗ ಯಾರೋ ಕುದ್ರೋಳಿಯ ಶೆಡ್ಡಿನ ದಾರಿ ತೋರಿಸಿದರು. ಕುಳ್ಳಗಿನ ಆಳು, ಕತ್ತರಿಸಿದ ಬಿಳಿ ಗಡ್ಡ, ತಲೆಗೆ ಟೊಪ್ಪಿ, ಮಡಚಿ ಕಟ್ಟಿದ ಲುಂಗಿ, ಅಂಗಿಯ ಜೇಬಿನಲ್ಲೊಂದು ಪುಟ್ಟ ಟಾರ್ಚು. ಬಾನೆಟ್ಟು ತೆಗೆಯುತ್ತಾರೆಂದು ನಾನು ಕಾದರೆ ಅವರು ಚಪ್ಪಲಿ ಕಳಚಿ ಹೊರಗಿಟ್ಟು, ಬರಿಗಾಲಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತುಬಿಟ್ಟರು.

"ಓಡಿಸಿ ಶೆಟ್ರೇ. ಮಾತಾಡ್ಬೇಡಿ."

ಬಿಕರ್ನಕಟ್ಟೆಯವರೆಗೆ ಹೋಗಿ ಬಂದೆವು. ಅವರು ಕಣ್ಣು ಮುಚ್ಚಿಕೊಂಡು ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಕೂತಿದ್ದರು. ನಿದ್ದೆ ಬಂತೋ ಎಂದುಕೊಂಡೆ. ಶೆಡ್ಡಿಗೆ ಮರಳಿದ ಮೇಲೆ ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು, ಬಳಪದಷ್ಟು ದಪ್ಪದ ಒಂದು ರಬ್ಬರ್ ಪೈಪನ್ನು ಎತ್ತಿ ತೋರಿಸಿದರು. ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ಹೋಗಬೇಕಾದ ಪೈಪು. ಸರ್ವಿಸಿನವರು ಏನೋ ಮಾಡುವಾಗ ಕಳಚಿಟ್ಟು, ತಿರುಗಿ ಹಾಕಲು ಮರೆತಿದ್ದರು. ಕಾಕ ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಅಷ್ಟೇ. ಮತ್ತೆ ಆ ಕಾರು ದಡಕ್ ಎನ್ನಲಿಲ್ಲ.

"ಸರ್ವಿಸ್ ಆದ ಮೇಲೆ ಬಂದ ರೋಗ ಗಾಡಿಯದ್ದಲ್ಲ ಶೆಟ್ರೇ, ಕೈಯದ್ದು. ಕಟ್ಟಕಡೆಗೆ ಮುಟ್ಟಿದ್ದು ಯಾರು ಅಂತ ಮೊದಲು ಕೇಳ್ಬೇಕು. ಆಮೇಲೆ ಸ್ಪ್ಯಾನರ್ ಹಿಡೀಬೇಕು" ಎಂದರು.

ಅವತ್ತಿನಿಂದ ನಾನು ಅವರ ಹಿಂದೆ ಬಿದ್ದೆ. ನನ್ನ ಕಾರಿಗೆ ಏನೂ ಆಗದಿದ್ದರೂ ಶನಿವಾರ ಬೆಳಿಗ್ಗೆ ಶೆಡ್ಡಿಗೆ ಹೋಗಿ ಕೂರುವುದು ಅಭ್ಯಾಸವಾಯಿತು. ನಮ್ಮ ಮಾತು ತುಳುವಿನಲ್ಲಿ ಆರಂಭವಾಗಿ ಕನ್ನಡಕ್ಕೆ ಹೊರಳಿ ಮತ್ತೆ ತುಳುವಿಗೆ ಬರುತ್ತಿತ್ತು. ಅವರ ಮನೆ ಶೆಡ್ಡಿನ ಹಿಂದೆಯೇ. ಅವರ ಹೆಂಡತಿ ಪರದೆಯ ಆಚೆಯಿಂದ ಬ್ಯಾರಿ ಭಾಷೆಯಲ್ಲಿ ಏನೋ ಕೂಗುತ್ತಿದ್ದರು, ಕಾಕ ಹೋಗಿ ಎರಡು ಲೋಟ ಚಾ ತರುತ್ತಿದ್ದರು. ಶೆಡ್ಡಿನ ಒರೆಸುಬಟ್ಟೆಗಳನ್ನು ಒದಗಿಸುವವರೂ ಆಕೆಯೇ. ಹಳೆಯ ಬಿಳಿ ಮುಂಡು ಪಂಚೆಯನ್ನು ಅಂಗೈಯಗಲಕ್ಕೆ ಕತ್ತರಿಸಿ, ನಾಲ್ಕೂ ಅಂಚನ್ನು ಮಡಚಿ ಹೊಲಿದು, ತೊಳೆದು ಒಣಗಿಸಿ ಕೊಡುತ್ತಿದ್ದರು. ಎಣ್ಣೆ ಒರಸುವ ಚಿಂದಿಗೆ ಇಷ್ಟೊಂದು ಶೃಂಗಾರವೇ ಎಂದು ನಾನು ತಮಾಷೆ ಮಾಡಿದ್ದೆ.

"ಅಂಚು ಹೊಲಿಯದಿದ್ರೆ ನೂಲು ಬಿಡ್ತದೆ. ಒಂದೇ ಒಂದು ನೂಲು ಒಳಗೆ ಹೋದ್ರೆ ಸಾಕು, ಗೇರ್‌ಬಾಕ್ಸಿಗೆ ಅದು ಗಂಟಲಲ್ಲಿ ಮೀನಿನ ಮುಳ್ಳು. ನನ್ನ ಕೆಲಸ ಅರ್ಧ ಇವಳದ್ದು, ಗೊತ್ತುಂಟಾ?" ಎಂದಿದ್ದರು. ಪರದೆಯ ಆಚೆ ಪಾತ್ರೆ ತೊಳೆಯುವ ಸದ್ದು ಒಂದು ಕ್ಷಣ ನಿಂತಿತು.

ಕಾಕ ಕೆಲಸ ಕಲಿತದ್ದು ಕುವೈತಿನಲ್ಲಿ, ಒಬ್ಬ ಈಜಿಪ್ಟಿನ ಮೇಸ್ತ್ರಿಯ ಕೆಳಗೆ. ಆ ಮೇಸ್ತ್ರಿ ಒಂದು ವರ್ಷ ಪೂರ್ತಿ ಇವರ ಕೈಯಲ್ಲಿ ಗೇರ್ ಆಯಿಲ್ ಅಳೆಸಿದ್ದೇ ಅಳೆಸಿದ್ದಂತೆ, ಬೇರೆ ಏನನ್ನೂ ಮುಟ್ಟಲು ಬಿಟ್ಟಿರಲಿಲ್ಲವಂತೆ. ಹದಿನೆಂಟು ವರ್ಷದ ಮೇಲೆ ಊರಿಗೆ ಬಂದು ಶೆಡ್ಡು ಹಾಕಿದರು. ಕಾರುಗಳನ್ನು ಬೈದದ್ದು ನಾನು ಕೇಳಿಲ್ಲ. ತನಗಿಂತ ಮೊದಲು ಕೈಹಾಕಿದವರನ್ನು ಮಾತ್ರ ಬಿಡುತ್ತಿರಲಿಲ್ಲ. "ಇವನ ಕೈಗೆ ಸ್ಪ್ಯಾನರ್ ಕೊಟ್ಟವ ಯಾರು ಮಾರಾಯ್ರೇ! ಸೌಟು ಕೊಡ್ಬೇಕಿತ್ತು" ಎನ್ನುವರು. ನಾನು ಹೋಟೆಲಿನವನೆಂಬುದು ನೆನಪಾಗಿ, "ಅಲ್ಲ, ಸೌಟೂ ಬೇಡ. ನಿಮ್ಮ ಹೊಟ್ಟೆಪಾಡು ಹಾಳಾದೀತು" ಎಂದು ತಿದ್ದಿಕೊಳ್ಳುವರು.

ಎಲ್ಲಕ್ಕಿಂತ ವಿಶೇಷವೆಂದರೆ ಅವರ ಮೂಗು. ಗೇರ್‌ಬಾಕ್ಸಿನ ಆಯಿಲ್ ಅಳೆಯುವ ಕಡ್ಡಿಯನ್ನು, ಅವರ ಬಾಯಲ್ಲಿ ‘ಸ್ಟಿಕ್ಕು’, ಹೊರಗೆಳೆದು ಬಿಳಿ ಬಟ್ಟೆಗೆ ಒರಸಿ, ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿಯುವರು. ಒಳಗಿನ ಪಟ್ಟಿ ಸವೆದಿದೆಯೇ, ಎಣ್ಣೆ ಕಾದು ಕರಟಿದೆಯೇ, ನೀರು ಸೇರಿದೆಯೇ ಎಂದು ಮೂಸಿಯೇ ಹೇಳುವರು. ಒಮ್ಮೆ ಒಬ್ಬ ಡಾಕ್ಟರು ತಮ್ಮ ಕಾರು ತಂದು, ಒಳಗೆ ಬಿಚ್ಚಿ ನೋಡದೆ ಹೇಗೆ ಹೇಳುತ್ತೀರಿ ಎಂದು ಕೇಳಿದರು. "ನಿನ್ನೆಯ ಮೀನುಸಾರು ಹಳಸಿದೆ ಅಂತ ತಿಳಿಯುದಕ್ಕೆ ಉಂಡು ನೋಡ್ತೀರಾ ಡಾಕ್ಟ್ರೇ?" ಎಂದರು ಕಾಕ.

ಆ ಮೂಗು ಹೋಯಿತು.

ಊರಿಗೆಲ್ಲ ಬಾಗಿಲು ಹಾಕಿಸಿದ ಆ ಜ್ವರ ಕಾಕನನ್ನೂ ಹಿಡಿದು ಹದಿನೈದು ದಿನ ಮಲಗಿಸಿತ್ತು. ಎದ್ದು ಶೆಡ್ಡು ತೆರೆದ ಮೇಲೆ ಒಂದು ಶನಿವಾರ ಯಾರದೋ ಕಾರಿನ ಸ್ಟಿಕ್ಕು ಒರಸಿದ ಬಟ್ಟೆಯನ್ನು ನನ್ನತ್ತ ಚಾಚಿ, "ನೀವೂ ಒಮ್ಮೆ ಮೂಸಿ ನೋಡಿ ಶೆಟ್ರೇ, ಕಲೀರಿ" ಎಂದರು. ನನಗೆ ಹಿಗ್ಗೋ ಹಿಗ್ಗು. ಕರಟಿದ ವಾಸನೆ ಎಂದೆ. "ಹಾಂ, ಸರಿ" ಎಂದರು. ಮುಂದಿನ ವಾರವೂ ಹಾಗೆಯೇ. ಮೂರನೆಯ ವಾರ ಪರದೆಯ ಆಚೆ ಬಂಗುಡೆ ಮೀನು ಹುರಿಯುತ್ತಿದ್ದ ವಾಸನೆ ಇಡೀ ಗಲ್ಲಿಗೆ ಹಬ್ಬಿತ್ತು. "ಕಾಕ, ಇವತ್ತು ಭಾರೀ ಉಂಟಲ್ಲ ಅಡುಗೆ" ಎಂದು ನಾನೆಂದರೆ, "ಎಂತ ಉಂಟು?" ಎಂದು ಕೇಳಿದರು. ಕೇಳಿದ ಮೇಲೆ ನನ್ನ ಮುಖ ನೋಡಿ ಅವರಿಗೂ ತಿಳಿಯಿತು, ನನಗೂ ತಿಳಿಯಿತು.

ಸ್ಟೂಲಿನ ಮೇಲೆ ಕೂತು ಕೈ ಒರೆಸಿಕೊಂಡರು.

"ಜ್ವರ ಬಿಟ್ಟ ಮೇಲೆ ಮೂಗು ಸತ್ತಿದೆ. ಬಂಗುಡೆಯೂ ಒಂದೇ, ಗ್ರೀಸೂ ಒಂದೇ. ಇವಳಿಗೆ ಗೊತ್ತುಂಟು. ಈಗ ನಿಮಗೆ. ಮೂರನೆಯವರಿಗೆ ಬೇಡ."

"ಯಾರಿಗೂ ಹೇಳುವುದಿಲ್ಲ ಕಾಕ."

"ಮೂಗು ಹೋದದ್ದಕ್ಕೆ ಹೆದರಿಕೆ ಇಲ್ಲ. ಕೈ ಉಂಟು, ಕಾಲು ಉಂಟು. ಆದ್ರೆ ಒಂದು ಹೋದದ್ದು ನಂಗೆ ಗೊತ್ತಾಯ್ತು. ಇನ್ನೊಂದು ಹೋದದ್ದು ಗೊತ್ತಾಗದೆ ಹೋದ್ರೆ? ಯಾರದ್ದೋ ಗಾಡಿ ಹಾಳು ಮಾಡಿ ಕೂತ್ರೆ?"

ಅವರಿಗಿದ್ದದ್ದು ಅದೊಂದೇ ಭಯ. ತನ್ನ ಕೈಯನ್ನು ತಾನು ನಂಬಬಹುದೇ, ಇಲ್ಲವೇ. ನಾನು ಅವರ ಬೆನ್ನಿಗೆ ಕೈಯಿಟ್ಟು, "ನಿಮ್ಮ ಕೈಗೆ ಏನೂ ಆಗುವುದಿಲ್ಲ" ಎಂದೆ. ಹಾಗೆ ಹೇಳಿದವನು ನಾನೇ.

ಅವತ್ತಿನಿಂದ ನಾನು ಅವರ ಮೂಗಾದೆ. ಶನಿವಾರವಲ್ಲದ ದಿನವೂ ಫೋನು ಬರುತ್ತಿತ್ತು: "ಒಮ್ಮೆ ಬಂದು ಹೋಗ್ತೀರಾ?" ಗಿರಾಕಿಗಳ ಎದುರು ಅವರು ಬಟ್ಟೆಯನ್ನು ನನ್ನತ್ತ ದಾಟಿಸುವ ರೀತಿ ಎಷ್ಟು ಸಹಜವಾಗಿತ್ತೆಂದರೆ ಯಾರಿಗೂ ಅನುಮಾನ ಬರಲಿಲ್ಲ. ನನಗಂತೂ ಕೋಡು ಮೂಡಿತು. ಹೋಟೆಲಿನ ಗಲ್ಲಾದಲ್ಲಿ ಕೂತೇ ಗೇರ್‌ಬಾಕ್ಸಿನ ಬಗ್ಗೆ ಭಾಷಣ ಬಿಗಿಯತೊಡಗಿದೆ. ಅಲ್ಪವಿದ್ಯಾ ಮಹಾಗರ್ವಿ ಎನ್ನುವ ಮಾತನ್ನು ಯಾರೋ ನನ್ನನ್ನು ನೋಡಿಯೇ ಕಟ್ಟಿರಬೇಕು. ಇಷ್ಟು ವರ್ಷ ಅವರು ಆಯಿಲ್ ಅಳೆಯುವುದನ್ನು ನೋಡಿದ್ದೇನಲ್ಲ, ಅಳೆಯುವಾಗಲೆಲ್ಲ ಎಂಜಿನ್ ಚಾಲೂ ಇರುತ್ತಿತ್ತು. ಅದನ್ನು ಕಾಕ ಆಫ್ ಮಾಡಲು ಮರೆಯುತ್ತಾರೆ, ಪೆಟ್ರೋಲು ದಂಡ ಎಂದುಕೊಂಡಿದ್ದ ಮಹಾಶಯ ನಾನು.

ತಂಗಿಯ ಮಗಳ ಮದುವೆ ನಿಶ್ಚಯವಾಯಿತು. ಅಪ್ಪನ ಕಾರಿನಲ್ಲೇ ಮದುಮಗಳನ್ನು ಹಾಲ್‌ಗೆ ಕರೆದುಕೊಂಡು ಹೋಗಬೇಕು ಎಂದು ತಂಗಿಯ ಆಸೆ. ಮದುವೆ ಭಾನುವಾರ. ಕಾಕ ಆ ವಾರ ಗೇರ್‌ಬಾಕ್ಸಿನ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ತಾನೇ ಓಡಿಸಿ ನೋಡಿ, ಗುರುವಾರ ಸಂಜೆ ಕಾರು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಬೆಣ್ಣೆಯ ಹಾಗೆ ಓಡ್ತದೆ ಎಂದರು. ಹೋಗುವಾಗ ಬಾನೆಟ್ಟಿನ ಮೇಲೆ ಕೈಯಿಟ್ಟು, "ಸ್ಟಿಕ್ಕು ಮುಟ್ಬೇಡಿ. ಮದುವೆ ಆದ ಮೇಲೆ ನಾನೇ ಬಂದು ಇನ್ನೊಮ್ಮೆ ನೋಡ್ತೇನೆ" ಎಂದರು.

ಶುಕ್ರವಾರ ಬೆಳಿಗ್ಗೆ ನಾನು ಮುಟ್ಟಿದೆ.

ಕೆಟ್ಟ ಬುದ್ಧಿಯಿಂದಲ್ಲ. ಮದುವೆಯ ಗಾಡಿ, ಒಮ್ಮೆ ನೋಡೋಣ ಎನಿಸಿತು. ಎಂಜಿನ್ ತಣ್ಣಗಿತ್ತು, ಆಫ್ ಆಗಿತ್ತು. ಸ್ಟಿಕ್ಕು ಎಳೆದರೆ ಆಯಿಲ್ ಗುರುತಿಗಿಂತ ಎರಡು ಬೆರಳು ಮೇಲೆ ನಿಂತಿದೆ. ಅಯ್ಯೋ ದೇವರೇ, ಕಾಕ ಹೆಚ್ಚು ಸುರಿದುಬಿಟ್ಟಿದ್ದಾರೆ ಎಂದುಕೊಂಡೆ. ಫೋನು ಕೈಗೆತ್ತಿಕೊಂಡೆ, ತಿರುಗಿ ಇಟ್ಟೆ. ಮೂಗು ಹೋದ ಮನುಷ್ಯ, ಈಗ ಅಳತೆಯೂ ತಪ್ಪಿತು ಎಂದು ಯಾವ ಬಾಯಲ್ಲಿ ಹೇಳುವುದು? ಅವರಿಗೆ ತಿಳಿಯದ ಹಾಗೆ ನಾನೇ ಸರಿಮಾಡಿಬಿಟ್ಟರೆ ಅವರ ಮರ್ಯಾದೆಯೂ ಉಳಿಯಿತು. ಹೀಗೆ ದೊಡ್ಡ ಮನಸ್ಸು ಮಾಡಿದೆ. ಹೋಟೆಲಿನಲ್ಲಿ ಮೀನಿನ ತೊಟ್ಟಿಯ ನೀರು ತೆಗೆಯುವ ತೆಳ್ಳಗಿನ ಪೈಪು ಇತ್ತು. ಅದನ್ನು ತರಿಸಿ ಸ್ಟಿಕ್ಕಿನ ತೂತಿನಲ್ಲಿ ಇಳಿಸಿ, ದೊಡ್ಡ ಸಿರಿಂಜಿನಿಂದ ಎಳೆದು ಎಳೆದು ಆಯಿಲ್ ತೆಗೆದೆ. ನೀರಿನ ಬಾಟಲಿಯ ಮುಕ್ಕಾಲು ಪಾಲು ತುಂಬಿತು. ಆಯಿಲ್ ಸರಿಯಾಗಿ ಗುರುತಿಗೆ ಬಂತು. ಬಾಟಲಿಯನ್ನು ಕಂಪೌಂಡಿನ ಮೂಲೆಯಲ್ಲಿಟ್ಟು ಕೈ ತೊಳೆದುಕೊಂಡೆ. ನನ್ನನ್ನು ಯಾರೂ ನೋಡಲಿಲ್ಲ.

ಭಾನುವಾರ ಮಲ್ಲಿಗೆಯ ಹಾರ ಹಾಕಿಕೊಂಡು ಕಾರು ಹೊರಟಿತು. ನಾನು ಚಾಲಕ, ಪಕ್ಕದಲ್ಲಿ ಭಾವ, ಅಂದರೆ ತಂಗಿಯ ಗಂಡ, ಹಿಂದೆ ತಂಗಿ ಮತ್ತು ಮದುಮಗಳು. ಬಿಕರ್ನಕಟ್ಟೆಯ ಏರಿನಲ್ಲಿ ಎಂಜಿನ್ ಒಮ್ಮೆಗೇ ಕಿರುಚಿತು, ಚಕ್ರ ಎಳೆಯಲಿಲ್ಲ. ಎಷ್ಟು ಒತ್ತಿದರೂ ಬರೀ ಸದ್ದು. ಕಾರು ನಿಂತಿತು, ಮತ್ತೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹ್ಯಾಂಡ್‌ಬ್ರೇಕು ಎಳೆದು ಇಳಿದೆವು. ಹಿಂದೆ ಹಾರನ್ನುಗಳ ಸಾಲು. ಮುಹೂರ್ತಕ್ಕೆ ಹೊತ್ತಾಗುತ್ತಿತ್ತು. ಕೊನೆಗೆ ಮದುಮಗಳು ಸೀರೆ ಎತ್ತಿ ಹಿಡಿದು ರಿಕ್ಷಾ ಹತ್ತಿ ಹೋದಳು. ಅವಳೇನೋ ನಗುತ್ತಾ ಹೋದಳು, ತಂಗಿ ಅತ್ತಳು.

ಊಟದ ಹೊತ್ತಿಗೆ ಹಾಲ್ ತುಂಬ ಇದೇ ಮಾತು. ಹಳೇ ಕಾರು ಇಟ್ಟುಕೊಂಡ ನಮ್ಮ ಬಳಗದವರೂ ಬಂದಿದ್ದರು. ಭಾವ ಅವರೆದುರು, "ಮೊನ್ನೆ ತಾನೇ ಸರ್ವಿಸ್ ಮಾಡಿಸಿದ್ದಲ್ವಾ? ಯಾರ ಕೈಯಲ್ಲಿ ಮಾಡಿಸಿದ್ದು ನೀನು?" ಎಂದು ಗದರಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಂದ ಬಂದ ಮಾತು ಇದು: "ಪಾಪ, ಕಾಕನನ್ನು ಹೇಳಿ ಪ್ರಯೋಜನ ಇಲ್ಲ. ಜ್ವರ ಬಂದ ಮೇಲೆ ಅವರಿಗೆ ಮೂಗೇ ಇಲ್ಲ. ಈಗ ಕೈಯೂ ಹೋಯ್ತು ಅಂತ ಕಾಣ್ತದೆ."

‘ಪಾಪ’ ಎಂದದ್ದು ಬೇರೆ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಸೋಮವಾರ ಬೆಳಿಗ್ಗೆ ಕಾಕ ರಿಕ್ಷಾದಲ್ಲಿ ಬಂದರು. ಕಾರನ್ನು ಅಂಗಳಕ್ಕೆ ಎಳೆಸಿ ತಂದಿದ್ದೆವು. ಮದುವೆಗೆ ಬಂದ ನೆಂಟರು ಇನ್ನೂ ಜಗಲಿಯ ತುಂಬ ಇದ್ದರು. ಕಾಕ ಯಾರ ಮುಖವನ್ನೂ ನೋಡದೆ ಚಪ್ಪಲಿ ಕಳಚಿ ಒಳಗೆ ಕೂತು ಎಂಜಿನ್ ಚಾಲೂ ಮಾಡಿದರು. ಅದು ಬಿಸಿಯಾಗುವವರೆಗೆ ಕಾದರು. ಗೇರಿನ ಹಿಡಿಯನ್ನು ಒಂದೊಂದೇ ಸ್ಥಾನಕ್ಕೆ ತಂದು ನಿಲ್ಲಿಸಿ ಹಿಂದಕ್ಕೆ ಒಯ್ದರು. ಇಳಿದು ಸ್ಟಿಕ್ಕು ಎಳೆದು ಬಿಳಿ ಬಟ್ಟೆಗೆ ಒರಸಿ, ಮತ್ತೆ ಇಳಿಸಿ ಎಳೆದರು. ಕೆಳಗಿನ ಗುರುತೂ ಒಣಗಿತ್ತು. ಮೂರು ಸಲ ಹಾಗೆ ಮಾಡಿದರು. ಆಮೇಲೆ ಆ ವಯಸ್ಸಿನಲ್ಲಿ ಅಂಗಳದ ನೆಲದ ಮೇಲೆ ಅಂಗಾತ ಮಲಗಿ ಕಾರಿನಡಿ ಟಾರ್ಚು ಬಿಟ್ಟು ನೋಡಿದರು. ಒಂದು ಹನಿ ಸೋರಿದ ಗುರುತಿಲ್ಲ. ಎದ್ದು ಹೊಗೆಕೊಳವೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಆಯಿಲ್ ಎಂಜಿನ್ನಿಗೆ ಸೇರಿ ಉರಿಯುತ್ತಿದೆಯೇ ಎಂದು ಹೊಗೆಯ ಬಣ್ಣ ನೋಡಿದರು. ಅದೂ ಸರಿಯಿತ್ತು.

ಹತ್ತಿರ ಬಂದು ನನ್ನೊಬ್ಬನಿಗೇ ಕೇಳುವ ಹಾಗೆ, "ಶೆಟ್ರೇ, ಸ್ಟಿಕ್ಕು ಯಾರಾದ್ರೂ ಮುಟ್ಟಿದ್ರಾ?" ಎಂದರು.

ಭಾವ ಎರಡು ಮಾರು ದೂರದಲ್ಲಿ ನಿಂತಿದ್ದರು. ನೆಂಟರೆಲ್ಲ ನೋಡುತ್ತಿದ್ದರು. ಮೀನಿನ ತೊಟ್ಟಿಯ ಪೈಪು ಹಾಕಿ ಆಯಿಲ್ ತೆಗೆದೆ ಎಂದು ಅವರೆದುರು ಹೇಳುವುದೇ? ಹೇಗೂ ನಾನು ತೆಗೆದದ್ದು ಹೆಚ್ಚಿದ್ದದ್ದನ್ನು ಮಾತ್ರ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದೂ ಅನಿಸಿತು.

"ಇಲ್ಲ ಕಾಕ. ಯಾರು ಮುಟ್ತಾರೆ?"

ಅವರು ಎರಡನೇ ಸಲ ಕೇಳಲಿಲ್ಲ. ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಎಂಜಿನ್ ಓಡುತ್ತಿದ್ದ ಹಾಗೆಯೇ ಅವರು ಕೊಳವೆ ಇಟ್ಟು ಸ್ವಲ್ಪ ಸ್ವಲ್ಪವೇ ಆಯಿಲ್ ಸುರಿಯತೊಡಗಿದರು. ಭಾವ ಹತ್ತಿರ ಬಂದು, "ಎಂಜಿನ್ ಯಾಕೆ ಆಫ್ ಮಾಡುದಿಲ್ಲ? ಆಯಿಲ್ ನೋಡುದು ಆಫ್ ಮಾಡಿ ಅಲ್ವಾ?" ಎಂದು ಕೇಳಿದರು.

"ಅದು ಎಂಜಿನ್ನಿನ ಆಯಿಲ್ ಧಣಿ. ಇದು ಗೇರ್‌ಬಾಕ್ಸಿದು. ಆಫ್ ಮಾಡಿದ್ರೆ ಮೇಲಿದ್ದ ಆಯಿಲ್ ಎಲ್ಲ ಕೆಳಗೆ ಇಳಿದು ಕೂತುಬಿಡ್ತದೆ. ಸ್ಟಿಕ್ಕಿನಲ್ಲಿ ಹೆಚ್ಚುಂಟು ಅಂತ ಕಾಣ್ತದೆ, ನಿಜಕ್ಕೆ ಹೆಚ್ಚಿರುದಿಲ್ಲ. ಬಿಸಿಯಾಗಿ ಓಡುವಾಗ ನೋಡಿದ್ರೆ ಮಾತ್ರ ಸರಿ ಲೆಕ್ಕ. ಇದು ಮೊದಲನೇ ಪಾಠ. ನನ್ನ ಮೇಸ್ತ್ರಿ ಒಂದು ವರ್ಷ ಇದನ್ನೇ ಹೇಳಿಕೊಟ್ಟದ್ದು."

ನಾನು ಅಲ್ಲೇ, ಅವರ ಮೊಣಕೈಯ ಪಕ್ಕದಲ್ಲೇ ನಿಂತಿದ್ದೆ. ನನ್ನ ತಪ್ಪನ್ನು ನನಗೇ ಬಿಡಿಸಿ ಹೇಳುತ್ತಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ಕಂಪೌಂಡಿನ ಮೂಲೆಯಲ್ಲಿ ಆ ಬಾಟಲಿ ಇನ್ನೂ ಇತ್ತು, ನಾಲ್ಕು ಹೆಜ್ಜೆ ನಡೆದು ತಂದು ತೋರಿಸಬಹುದಿತ್ತು.

"ಹಾಗಾದ್ರೆ ಕಡಿಮೆ ಆದದ್ದು ಹೇಗೆ? ಸೋರಲಿಲ್ಲ, ಯಾರೂ ಮುಟ್ಟಲಿಲ್ಲ" ಎಂದರು ಭಾವ.

ಕಾಕ ಸ್ಟಿಕ್ಕನ್ನು ಬಟ್ಟೆಗೆ ಒರಸುತ್ತಲೇ ಇದ್ದರು.

"ನನ್ನ ಕೈ ತಪ್ಪಿದೆ ಧಣಿ. ನಾನೇ ಆಫ್ ಮಾಡಿ ಅಳೆದಿರ್ಬೇಕು. ನೆನಪಿಲ್ಲ. ಆದ್ರೆ ಬೇರೆ ಯಾರೂ ಮುಟ್ಟದಿದ್ರೆ ನಾನೇ ಅಲ್ವಾ?"

ಆಮೇಲೆ ಜಗಲಿಯ ಕೆಳಗೆ ಹೋಗಿ ನಿಂತು ನನ್ನ ತಂಗಿಯನ್ನು ಕರೆದರು. ಎರಡೂ ಕೈ ಜೋಡಿಸಿ, "ಮಗಳ ಮದುವೆ ದಿನ ನನ್ನಿಂದ ಹೀಗಾಯ್ತು ಅಮ್ಮ. ಮನಸ್ಸಲ್ಲಿ ಇಟ್ಕೊಳ್ಬೇಡಿ" ಎಂದರು. ತಂಗಿ ಕಣ್ಣೀರು ಹಾಕಿಕೊಂಡು, ಬಿಡಿ ಬಿಡಿ, ಮಕ್ಕಳು ಸುಖವಾಗಿದ್ದರೆ ಸಾಕು ಎಂದಳು. ಕಾಕ ಹೋದ ಮೇಲೆ ಆ ಬಾಟಲಿಯನ್ನು ತೆಂಗಿನ ಬುಡದಲ್ಲಿ ಹುಗಿದೆ.

ಶೆಡ್ಡಿನ ಬಾಗಿಲು ಮತ್ತೆ ತೆರೆಯಲಿಲ್ಲ. ಕಾರು ತಂದವರಿಗೆ, "ಬೇರೆ ಕಡೆ ತೋರಿಸಿ, ನನ್ನಿಂದಾಗ್ಲಿಕ್ಕಿಲ್ಲ" ಎಂದು ಹೇಳಿ ಕಳಿಸುತ್ತಿದ್ದರಂತೆ. ಅಷ್ಟು ಹೊತ್ತಿಗೆ ತರುವವರೂ ಕಡಿಮೆಯಾಗಿದ್ದರು. ನಾನು ಹಾಲ್‌ನಲ್ಲಿ ಆಡಿದ ಮಾತು ಬಳಗದಲ್ಲಿ ಬಾಯಿಂದ ಬಾಯಿಗೆ ಹೋಗಿ ಕುದ್ರೋಳಿಯನ್ನೂ ಮುಟ್ಟಿತ್ತು. ಅದು ಯಾರ ಬಾಯಿಂದ ಹೊರಟಿತೆಂದು ಕಾಕನಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ಅವರ ಮೂಗಿನ ವಿಷಯ ಗೊತ್ತಿದ್ದ ಹೊರಗಿನವನು ನಾನೊಬ್ಬನೇ.

ಪ್ರತಿ ವಾರ ಹೇಳಬೇಕೆಂದುಕೊಂಡೆ. ಒಂದು ವಾರ ಹೋಟೆಲಿನಲ್ಲಿ ಆಳು ಬರಲಿಲ್ಲ, ಇನ್ನೊಂದು ವಾರ ಮಳೆ, ಮತ್ತೊಂದು ವಾರ ಉಪವಾಸದ ತಿಂಗಳಲ್ಲಿ ಯಾಕೆ ಅವರ ಮನಸ್ಸು ಕೆಡಿಸುವುದು ಎಂಬ ಧರ್ಮಬುದ್ಧಿ. ಕುಣಿಯಲಾರದವನಿಗೆ ನೆಲ ಡೊಂಕು ಎಂಬಂತೆ ನನಗೆ ಪ್ರತಿ ಸಲವೂ ಒಂದು ಡೊಂಕು ನೆಲ ಸಿಗುತ್ತಿತ್ತು.

ಆರೇಳು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೋಟೆಲಿನ ಮೀನಿನ ವಿಷಯ ಮಾತಾಡಲು ಹೊಳೆಯಾಚೆಯ ಬೆಂಗ್ರೆಗೆ ಹೊರಟಿದ್ದೆ. ದಾಟುವ ದೋಣಿಯಲ್ಲಿ ಕಾಕ ಕೂತಿದ್ದರು. ಇಳಿದುಹೋಗಿದ್ದರು. ಅಂಗಿ ಭುಜದಿಂದ ಜೋಲುತ್ತಿತ್ತು. ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟರು.

"ಬೆಂಗ್ರೆಯಲ್ಲಿ ಎಂತ ಕೆಲಸ ಕಾಕ?"

"ಕೆಲಸ ಇಲ್ಲ. ಹೋಗುದು, ಅದೇ ದೋಣಿಯಲ್ಲಿ ಬರುದು. ಮನೆಯಲ್ಲಿ ಕೂತ್ರೆ ತಲೆ ತಿರುಗ್ತದೆ. ಗಾಡಿ ಸರಿ ಉಂಟಾ?"

"ಸರಿ ಉಂಟು."

ದೋಣಿ ಹೊರಟಿತು. ಅವರು ನೀರನ್ನೇ ನೋಡುತ್ತಾ ಹೇಳತೊಡಗಿದರು. "ಆ ದಿನದ್ದು ಇನ್ನೂ ಹುಡುಕ್ತಾ ಇದ್ದೇನೆ ಶೆಟ್ರೇ. ಫಿಲ್ಟರ್ ಹಾಕಿದೆ, ನೆನಪುಂಟು. ಆಯಿಲ್ ಸುರಿದೆ, ನೆನಪುಂಟು. ಎಂಜಿನ್ ಚಾಲೂ ಮಾಡಿದ್ದೂ ನೆನಪುಂಟು. ಆದ್ರೆ ಅದು ಆ ದಿನದ ನೆನಪಾ, ಬೇರೆ ದಿನದ್ದಾ? ಇಷ್ಟು ವರ್ಷ ಎಲ್ಲರ ಗಾಡಿಯ ತಪ್ಪು ಹುಡುಕಿದೆ. ನನ್ನ ತಪ್ಪು ಎಲ್ಲಿ ಆಯ್ತು ಅಂತ ಸಿಕ್ಕುದಿಲ್ಲ. ಸಿಕ್ಕಿದ್ರೆ ಸಮಾಧಾನ. ಮತ್ತೆ ಶೆಡ್ಡು ತೆರೀತಿದ್ದೆ."

ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ದೇವರಾಣೆಗೂ ಬಂದಿತ್ತು. "ಕಾಕ..." ಎಂದೆ. ಅವರು ಮುಖ ತಿರುಗಿಸಿದರು. ಅಷ್ಟರಲ್ಲಿ ದೋಣಿ ದಡಕ್ಕೆ ತಾಗಿತು. ಬುಟ್ಟಿ, ಬಲೆ, ಚೀಲ ಹಿಡಿದ ಜನ ಎದ್ದು ನುಗ್ಗಿದರು. "ಎಂತ?" ಎಂದರು ಕಾಕ. "ಏನಿಲ್ಲ, ಜಾಗ್ರತೆ" ಎಂದು ನಾನು ಇಳಿದುಬಿಟ್ಟೆ. ಅವರು ಇಳಿಯಲಿಲ್ಲ, ಮರಳುವ ದೋಣಿಗೆ ಅಲ್ಲೇ ಕೂತಿದ್ದರು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಾಗ ಬೆರಳು ಮಡಚುತ್ತಾ ಏನನ್ನೋ ಎಣಿಸುತ್ತಿದ್ದರು. ಮೊದಲು ಫಿಲ್ಟರ್, ಆಮೇಲೆ ಆಯಿಲ್, ಆಮೇಲೆ ಎಂಜಿನ್.

ನಾನು ಅವರನ್ನು ಕಂಡದ್ದು ಅದೇ ಕೊನೆ. ಎರಡು ತಿಂಗಳಾದ ಮೇಲೆ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ತಿಳಿದು ನಾನು ಓಡುವಷ್ಟರಲ್ಲಿ ಮಸೀದಿಯಿಂದ ಮಣ್ಣು ಮಾಡಲು ಒಯ್ದಾಗಿತ್ತು. ಹಿಂದೆ ನಿಂತವರ ಜೊತೆ ನಾನೂ ನಿಂತು ಮೂರು ಹಿಡಿ ಮಣ್ಣು ಹಾಕಿ ಬಂದೆ.

ಹತ್ತು ದಿನ ಕಳೆದು ಅವರ ಮನೆಗೆ ಹೋದೆ. ಮನಸ್ಸಿನ ಭಾರ ಇಳಿಸಿಕೊಳ್ಳಲು ಹೋದೆ ಎನ್ನುವುದೇ ಸತ್ಯ. ಅವರ ಹೆಂಡತಿ ಒಳಕೋಣೆಯ ಬಾಗಿಲ ಆಚೆ ಚಾಪೆಯ ಮೇಲೆ ಕೂತಿದ್ದರು, ನನಗೆ ಹೊರಗೆ ಕುರ್ಚಿ ಹಾಕಿಸಿದರು. ಅಷ್ಟು ವರ್ಷ ಅವರ ಕೈಯ ಚಾ ಕುಡಿದಿದ್ದರೂ 'ಹೇಗಿದ್ದೀರಿ' ಎಂಬುದರ ಆಚೆ ನಾವು ಮಾತಾಡಿದವರಲ್ಲ. ಅವರಿಗೆ ಕನ್ನಡ ತಡೆತಡೆದು ಬರುತ್ತಿತ್ತು.

"ಕಡೆಕಡೆಗೆ ಗ್ಯಾಸಿನ ಸಿಲಿಂಡರ್ ಕೂಡ ಅವರು ಹಾಕ್ತಿರಲಿಲ್ಲ" ಎಂದರು, ನಾನು ಕೇಳದೆಯೇ. "ಪಕ್ಕದ ಮನೆಯವರನ್ನು ಕರೀತಿದ್ರು. 'ನಾನು ಮುಟ್ಟುದು ಬೇಡ, ಏನಾದ್ರೂ ಬಿಟ್ಟುಹೋದ್ರೆ' ಅಂತಿದ್ರು."

ಆಗ ನಾನು ಎಲ್ಲವನ್ನೂ ಹೇಳಿದೆ. ಶುಕ್ರವಾರ ಬೆಳಿಗ್ಗೆ, ಪೈಪು, ಸಿರಿಂಜು, ಬಾಟಲಿ, ಅಂಗಳದಲ್ಲಿ ನಾನು ಹೇಳಿದ ಸುಳ್ಳು, ದೋಣಿಯಲ್ಲಿ ನುಂಗಿದ ಮಾತು. ಹೇಳುತ್ತಾ ಅತ್ತೆ. ಅವರು ಬೈದಿದ್ದರೆ, ಎದ್ದು ಹೋಗು ಎಂದಿದ್ದರೆ ಹಗುರವಾಗುತ್ತಿತ್ತೋ ಏನೋ. ಅವರು ಅಲ್ಲಾಡದೆ ಕೇಳಿದರು. ಎಲ್ಲ ಮುಗಿದ ಮೇಲೆ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು, ಒಂದೊಂದೇ ಶಬ್ದ ಹುಡುಕಿ ಹುಡುಕಿ ಹೇಳಿದರು.

"'ನಿಮ್ಮ ತಪ್ಪಲ್ಲ' ಅಂತ ಅವರಿಗೆ ನಾನು ದಿನಾ ಹೇಳಿದೆ ಶೆಟ್ರೇ. 'ನಿನಗೆ ಗಾಡಿಯ ವಿಷಯ ಎಂತ ಗೊತ್ತುಂಟು' ಅಂತಿದ್ರು. ನಿಮಗೆ ಗೊತ್ತಿತ್ತು. ನೀವು ಹೇಳಿದ್ರೆ ನಂಬ್ತಿದ್ರು."